ಸಾಲಿಗೆ ಕೊಟ್ಟ ಹೊಲ

ಆ ನಾಲ್ಕು ಕಲ್ಲುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ. ಕಲ್ಲೇನೋ ನಮ್ಮೂರಿನವೇ, ಶಹಾಬಾದಿನ ಗಣಿಯಿಂದ ತೆಗೆದವು. ಚಿಕ್ಕಂದಿನಲ್ಲಿ ನಾನು ಆಡಿದ್ದು, ಉಂಡದ್ದು, ಬೇಸಿಗೆಯಲ್ಲಿ ಚಾಪೆಯೂ ಇಲ್ಲದೆ ಮಲಗಿದ್ದು ಎಲ್ಲ ಅಂಥ ಫರಸಿಕಲ್ಲಿನ ನೆಲದ ಮೇಲೆಯೇ. ಅದೇ ಕಲ್ಲು ಮುಂದೊಂದು ದಿನ ನನ್ನ ತರಗತಿಯ ಬಾಗಿಲು ಮುಚ್ಚಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಹೈದರಾಬಾದ್ ರಾಜ್ಯದವರಾಗಿದ್ದ ನಾವು ಮೈಸೂರು ರಾಜ್ಯದವರಾದ ಹೊಸತು. ತಂದೆ ವಾಡಿ ಸ್ಟೇಷನ್ನಿನಲ್ಲಿ ನೌಕರಿಗಿದ್ದರು, ಮನೆ ಶಹಾಬಾದಿನಲ್ಲಿತ್ತು. ನಾನು ಮೆಟ್ರಿಕ್ ಮುಗಿಸಿ ಶಿಕ್ಷಕಿಯ ತರಬೇತಿ ಪಡೆದ ವರ್ಷವೇ ಗುಂಡಗುರ್ತಿ ಕಡೆಯ ಒಂದು ಊರಿನಿಂದ ಕರೆ ಬಂತು. ಅಲ್ಲಿ ಸರ್ಕಾರಿ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದುವ ಗಂಡುಹುಡುಗರು ಚಿತ್ತಾಪುರದಲ್ಲಿ ಕೋಣೆ ಹಿಡಿದು ಇರುತ್ತಿದ್ದರು. ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸುವ ಮಾತೇ ಇರಲಿಲ್ಲ. ಊರಲ್ಲೇ ಹೆಂಗಸೊಬ್ಬಳು ಬಂದು ಕಲಿಸುವುದಾದರೆ ಕಳಿಸುತ್ತೇವೆ ಎಂದು ತಾಯಂದಿರು ಹೇಳಿದ್ದರಂತೆ. ಆ ಹೆಂಗಸು ನಾನಾದೆ.

ಕರೆಸಿದವರು ಒಬ್ಬ ಮುದುಕಿ. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಊರ ಪಡುವಣಕ್ಕೆ ಒಳ್ಳೆಯ ಎರೆಮಣ್ಣಿನ ಹೊಲವೊಂದು ಅವರ ಹೆಸರಿನಲ್ಲಿತ್ತು. ಅದನ್ನು ಹೆಣ್ಣುಮಕ್ಕಳ ಓದಿಗೆಂದು ಬರೆದುಕೊಟ್ಟು, ಊರ ಗೌಡರನ್ನು ಮುಂದಿಟ್ಟುಕೊಂಡು ಒಂದು ಕಮಿಟಿ ಮಾಡಿಸಿದ್ದರು. ಹೊಲ ಮಾರುವ ಹಾಗಿಲ್ಲ. ಪ್ರತಿ ಯುಗಾದಿಗೆ ಊರೆದುರು ಹರಾಜು ಮಾಡಿ ಒಬ್ಬ ರೈತನಿಗೆ ವರ್ಷದ ಲಾವಣಿಗೆ, ಅಂದರೆ ಗೇಣಿಗೆ, ಕೊಡಬೇಕು. ಅವನು ಕೊಡುವ ಲಾವಣಿಯಲ್ಲಿ ಹೆಣ್ಣುಮಕ್ಕಳ ಎಂಟನೆಯ ತರಗತಿ ಮತ್ತು ಮುಂದಿನ ಓದು ನಡೆಯಬೇಕು. ಇಷ್ಟೇ ಕರಾರು. ಇದಕ್ಕಿಂತ ಸರಳವಾದ ಏರ್ಪಾಟು ನಾನು ಕಂಡಿಲ್ಲ, ಇದನ್ನು ಕೆಡಿಸಿದಷ್ಟು ಅಚ್ಚುಕಟ್ಟಾಗಿ ಬೇರೇನನ್ನೂ ಕೆಡಿಸಿದ್ದನ್ನು ಕಂಡಿಲ್ಲ.

ಓದುಬರಹ ಬಾರದ ಆಯಿಗೆ ಓದಿನ ಮೇಲೆ ಇಷ್ಟು ಹಟ ಯಾಕೆ ಎಂದು ಮೊದಲ ದಿನವೇ ಕೇಳಿದೆ. ರೊಟ್ಟಿ ಬಡಿಯುತ್ತಲೇ ಹೇಳಿದರು. ನಿಜಾಮರ ಕಾಲ. ಅವರ ತಾಯಿ ಸೇಡಂನಲ್ಲಿ ಕೊನೆಯ ಉಸಿರಿನಲ್ಲಿದ್ದಾಳೆ ಎಂದು ಸುದ್ದಿ ಬಂತು. ಆಯಿ ಚಿತ್ತಾಪುರದಲ್ಲಿ ಒಬ್ಬರೇ ರೈಲು ಹತ್ತಿದರು. ಹೆಂಗಸರ ಡಬ್ಬಿಯಲ್ಲಿ ಯಾರನ್ನೋ ಕೇಳಿದರೆ ಅವರಿಗೂ ಗೊತ್ತಿಲ್ಲ. ಸೇಡಂ ಬಂತು, ಬೋರ್ಡು ಕಣ್ಣೆದುರೇ ನಿಂತಿತ್ತು, ಹೋಯಿತು. ತಾಂಡೂರಿನಲ್ಲಿ ಎಲ್ಲರೂ ತೆಲುಗು ಮಾತಾಡುವುದು ಕಿವಿಗೆ ಬಿದ್ದಾಗಲೇ ಅವರಿಗೆ ಊರು ದಾಟಿದ್ದು ತಿಳಿದದ್ದು. ಮರುದಿನ ತಿರುಗಿ ಬರುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿಯಾಗಿತ್ತು.

“ಬೋರ್ಡ್ ನನ್ನ ಮುಂದೇ ಇತ್ತು ತಂಗಿ. ಇಷ್ಟ್ ದೊಡ್ಡದು. ಎಮ್ಮಿ ನೋಡ್ದಂಗ ನೋಡ್ಕೋತ ಕುಂತೆ,” ಎಂದರು. ಎಮ್ಮೆ ನೋಡಿದ ಹಾಗೆಯೋ, ಎಮ್ಮೆಯನ್ನು ನೋಡಿದ ಹಾಗೆಯೋ ನಾನು ಕೇಳಲಿಲ್ಲ. ಕಣ್ಣು ತುಂಬಿದ್ದು ಒಲೆಯ ಹೊಗೆಗೆ ಎಂಬಂತೆ ಅವರು ಮುಖ ತಿರುಗಿಸಿದರು.

ಮೊದಲ ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಯಿಯ ಹೊಲವನ್ನು ಹಿಂದಿನಿಂದಲೂ ಉಳುತ್ತಿದ್ದ ರೈತನೊಬ್ಬನಿದ್ದ, ಮಾತು ಕಡಿಮೆಯ ದುಡಿಯುವ ಮನುಷ್ಯ. ಯುಗಾದಿಯ ಹರಾಜಿನಲ್ಲಿ ಅವನೇ ಲಾವಣಿ ಹಿಡಿದ, ಅವನೇ ಬಿತ್ತಿದ, ಅವನ ಮಗಳೇ ನನ್ನ ತರಗತಿಗೆ ಮೊದಲು ಬಂದಳು. ಆಯಿಯ ಮನೆಯ ಪಡಸಾಲೆಯೇ ನಮ್ಮ ಶಾಲೆ. ಬೆರಳೆಣಿಕೆಯ ಹುಡುಗಿಯರು, ಆದರೆ ಈ ಒಬ್ಬಳು ಸಾಕಿತ್ತು ನನ್ನ ಜೀವ ತಿನ್ನಲು. ಲೆಕ್ಕವನ್ನು ಬೋರ್ಡಿನ ಮೇಲೆ ನಾನು ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ, ಉಳಿದವರು ಯೋಚಿಸುವುದಕ್ಕೇ ಬಿಡುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂರು ಎಂದರೆ ಕೈಬೆರಳಲ್ಲಿ ಉತ್ತರ ತೋರಿಸುತ್ತಿದ್ದಳು.

ಆಯಿ ದಾರಿಯಲ್ಲಿ ಯಾವ ಹುಡುಗಿ ಸಿಕ್ಕರೂ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಬೋರ್ಡ್ ಓದಾಕ ಬರ್ತದೇನು?” ಬರುತ್ತದೆ ಎಂದರೂ ಅವರಿಗೆ ನಂಬಿಕೆ ಇಲ್ಲ. ಕೊನೆಗೆ ಒಂದು ದಿನ ಗಾಡಿ ಹೂಡಿಸಿ ನಮ್ಮೆಲ್ಲರನ್ನೂ ಚಿತ್ತಾಪುರದ ಸ್ಟೇಷನ್ನಿಗೆ ಕರೆದೊಯ್ದರು. ಹುಡುಗಿಯರನ್ನು ಪ್ಲಾಟ್‌ಫಾರ್ಮಿನ ಬೋರ್ಡಿನ ಎದುರು ಸಾಲಾಗಿ ನಿಲ್ಲಿಸಿ ಓದಿಸಿದರು. ಮಕ್ಕಳು ಏಳನೆಯ ತರಗತಿ ಪಾಸಾದವರು, ಊರಿನ ಹೆಸರು ಓದುವುದು ಅವರಿಗೊಂದು ಕೆಲಸವೇ? ಆದರೂ ರೈತನ ಮಗಳು ಗಂಟಲೆತ್ತಿ ಓದಿದಾಗ ಆಯಿ ಅವಳ ಗಲ್ಲ ಸವರಿ ಲಟಿಗೆ ಮುರಿದರು. ಸ್ಟೇಷನ್ ಮಾಸ್ತರರು ಇದೇನು ಗಲಾಟೆ ಎಂದು ಹೊರಗೆ ಬಂದು, ನೋಡಿ, ಸುಮ್ಮನೆ ಒಳಗೆ ಹೋದರು.

ಇನ್ನು ಕಲ್ಲಿನ ವಿಷಯಕ್ಕೆ ಬರುತ್ತೇನೆ.

ಹೊಲದ ಎರಡು ಕಡೆಯ ನೆರೆಯವರು ಪ್ರತಿ ಸಲ ನೇಗಿಲು ಹೂಡಿದಾಗಲೂ ಬದುವನ್ನು ಒಂದಿಷ್ಟು ಕೆರೆದು ಒಳಗೆ ಬರುತ್ತಿದ್ದರು. ಗಂಡಸಿಲ್ಲದ ಮನೆಯ ಹೊಲ, ಈಗ ಆಯಿಯದ್ದೂ ಅಲ್ಲ, ಸಾಲಿಯದ್ದು, ಅಂದರೆ ಶಾಲೆಯದ್ದು. ಸಾಲಿಯ ಹೊಲ ಎಂದರೆ ಯಾರದ್ದೂ ಅಲ್ಲದ ಹೊಲ ಎಂಬ ಲೆಕ್ಕ. ಬದು ಕರಗಿತು. ಆಯಿ ಗೌಡರಿಗೆ ಹೇಳಿದರು, ನಾನೂ ಹೇಳಿದೆ. ಗೌಡರು ಒಳ್ಳೆಯವರೇ, ಆದರೆ ಒತ್ತಿದವರಲ್ಲಿ ಒಬ್ಬ ಅವರ ಹೆಂಡತಿಯ ಸ್ವಂತ ತಮ್ಮ. ಅವನಿಗೆ ಗದರಿದರೆ ಮನೆಯಲ್ಲಿ ಊಟಕ್ಕೆ ತಾಪತ್ರಯ. ಆದ್ದರಿಂದ ಅವರು ಯಾರಿಗೂ ಏನೂ ಅನ್ನದೆ ಕೆಲಸವಾಗುವ ದಾರಿ ಹುಡುಕಿದರು.

ಮಠಕ್ಕೆ ಬಿಟ್ಟ ಹೊಲಗಳಿಗೆ ನಮ್ಮ ಕಡೆ ಹಿಂದಿನಿಂದಲೂ ಲಿಂಗಮುದ್ರೆಯ ಕಲ್ಲು ನೆಡುತ್ತಾರೆ. ನಿಲ್ಲಿಸಿದ ಚಪ್ಪಡಿ, ಮೇಲೆ ಲಿಂಗ, ಅದರ ಎರಡು ಮಗ್ಗುಲಿಗೆ ಸೂರ್ಯ ಚಂದ್ರ. ಅದನ್ನು ಕಂಡ ಮೇಲೆ ಆ ಹೊಲದ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಗೌಡರು ಶಹಾಬಾದಿನಿಂದ ಅಂಥ ನಾಲ್ಕು ಕಲ್ಲು ಕಡೆಸಿ ತರಿಸಿ, ಕಾಯಿ ಒಡೆಸಿ, ವಿಭೂತಿ ಹಚ್ಚಿಸಿ ಆಯಿಯ ಹೊಲದ ನಾಲ್ಕು ಮೂಲೆಗೆ ನೆಡಿಸಿದರು. ಆಯಿಯನ್ನು ಕೇಳಲಿಲ್ಲ. ನನ್ನನ್ನಂತೂ ಯಾಕೆ ಕೇಳುತ್ತಾರೆ? “ಈಗ ನೋಡ್ರಿ ಅಕ್ಕೋರೆ, ಯಾರ್ ಒತ್ತತಾರ ಒತ್ತಲಿ,” ಎಂದು ಮೀಸೆ ತೀಡಿಕೊಂಡರು. ಭಾವಮೈದುನನ ಮೇಲೆ ಕಾವಲಿಗೆ ದೇವರನ್ನೇ ಕೂರಿಸಿದ್ದರು.

ನಿಜ ಹೇಳಬೇಕೆಂದರೆ ಒತ್ತುವುದು ಒಂದೇ ದಿನಕ್ಕೆ ನಿಂತಿತು. ಗೌಡರ ಭಾವಮೈದುನ ತಾನೇ ಬಂದು ಕೆರೆದ ಬದುವನ್ನು ಮತ್ತೆ ಕಟ್ಟಿ, ತಪ್ಪು ಕಾಣಿಕೆ ಎಂದು ಒಂದು ಕಾಯಿಯನ್ನೂ ಇಟ್ಟುಹೋದ. ಹಾದಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈ ಮುಗಿಯತೊಡಗಿದರು. ಎಷ್ಟು ಚೆನ್ನಾಗಿದೆ ಎಂದು ನಾನೂ ಹಿಗ್ಗಿದೆ. ಯುಗಾದಿ ಬಂತು.

ಚಾವಡಿಯ ಮುಂದೆ ಹರಾಜಿಗೆ ಊರೆಲ್ಲ ಸೇರಿತ್ತು. ಗೌಡರು ಸಾಲಿಯ ಹೊಲ ಈ ವರ್ಷದ ಲಾವಣಿಗೆ ಎಂದು ಕೂಗಿಸಿದರು. ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಕೂಗಿಸಿದರು. ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಡಿಕೆ ಎಲೆ ಮೆಲ್ಲುತ್ತ ಕೂತರು. ನನ್ನ ಕಣ್ಣು ಉಳುವ ರೈತನ ಮೇಲೆಯೇ ಇತ್ತು. ಅವನು ಕೆಳಗೆ ನೋಡುತ್ತಿದ್ದ. ಹೆಣ್ಣುಮಗಳು ಚಾವಡಿಯಲ್ಲಿ ಮಾತಾಡಬಾರದು ಎಂಬುದನ್ನು ಮರೆತು ನಾನೇ ಕೇಳಿಬಿಟ್ಟೆ: “ಯಾಕ್ರಿ, ನೀವ್ಯಾಕ ಸುಮ್ಮ ಕುಂತೀರಿ?”

ಅವನು ಎದ್ದು ನಿಂತು ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡ. “ಅದು ಈಗ ದೇವರ ಹೊಲ ಆಗ್ಯದ್ರಿ ಅಕ್ಕೋರೆ. ಅದರಾಗಿನ ಜ್ವಾಳ ಮನಿಗಿ ಒಯ್ದು ಉಂಡ್ರ ನಮಗ ಆಗಿ ಬರಂಗಿಲ್ರಿ. ಮಕ್ಕಳು ಮರಿ ಇದ್ದೋರು ನಾವು.”

“ಅದು ಸಾಲಿ ಹೊಲ. ದೇವರದಲ್ಲ. ಹೋದ ವರ್ಷ ನೀವೇ ಉಂಡೀರಿ.”

“ಹೋದ ವರ್ಷ ಕಲ್ಲಿದ್ದಿಲ್ಲಲ್ರಿ,” ಎಂದ. ಕೂತವರೆಲ್ಲ ಹೌದು ಎಂದು ತಲೆಯಾಡಿಸಿದರು.

ಅಷ್ಟು ಜನರ ಮುಂದೆ ನನಗೆ ಅಳು ಬರುವಷ್ಟು ಸಿಟ್ಟು ಬಂತು. ದಿನವೂ ಮಗಳನ್ನು ಕಳಿಸುತ್ತಿದ್ದವನು ಇವನೇ. ಲಾವಣಿ ಹಿಡಿಯದಿದ್ದರೆ ಮುಚ್ಚುವುದು ಅವನ ಮಗಳ ತರಗತಿಯೇ ಎಂದು ಹೇಳಿದೆ. ಅದಕ್ಕೆ ಅವನಿಗೂ ಬೇಸರವಾಗಿತ್ತು, ಸುಳ್ಳು ಹೇಳಬಾರದು. ಆದರೆ ದೇವರಿಗೆ ಹೆದರಿದವನ ಹತ್ತಿರ ಬೇಸರವನ್ನು ಏನು ಮಾಡಲಿ?

ಗೌಡರ ಮನೆಗೆ ಹೋದೆ. ಕಲ್ಲು ಕೀಳಿಸಿ ಎಂದೆ. ಅವರು ಕೆನ್ನೆ ಬಡಿದುಕೊಂಡರು. “ಏನ್ ಮಾತ್ ಆಡ್ತೀರಿ ಅಕ್ಕೋರೆ! ನೆಡೋದು ಬ್ಯಾರೆ, ಕೀಳೋದು ಬ್ಯಾರೆ. ಲಿಂಗದ ಕಲ್ಲಿಗಿ ಹಾರಿ ಹಾಕು ಅಂತ ನಾ ಯಾವ ಆಳಿಗಿ ಹೇಳ್ಲಿ?” ನಾನೇ ಹಾರೆ ಹಿಡಿಯುತ್ತೇನೆ ಎಂದಾಗ ಅವರ ಹೆಂಡತಿ ಒಳಗಿನಿಂದ ಬಂದು, ಚಹಾ ಕೊಟ್ಟು, ಊರಲ್ಲಿ ಬದುಕುವ ಆಸೆ ಇದ್ದರೆ ಆ ಮಾತು ಇನ್ನೊಮ್ಮೆ ಆಡಬೇಡಿ ಎಂದು ಮೆತ್ತಗೆ ಹೇಳಿದರು.

ಊರಿನ ಮಠದ ಸ್ವಾಮಿಗಳ ಹತ್ತಿರ ಹೋದೆ. ವಯಸ್ಸಾದವರು, ನಗುಮುಖದವರು. ಈ ಹೊಲ ಮಠದ್ದಲ್ಲ, ಉಳುವವನು ಉಣ್ಣಬಹುದು ಎಂದು ನೀವು ಒಂದು ಮಾತು ಹೇಳಿದರೆ ಸಾಕು ಎಂದು ಕೇಳಿಕೊಂಡೆ. ದುಡಿದು ಉಣ್ಣುವುದೇ ದೊಡ್ಡ ಪೂಜೆ ಎಂದು ನೀವೇ ಪ್ರವಚನದಲ್ಲಿ ಹೇಳುತ್ತೀರಲ್ಲ ಎಂದೂ ಅಂದೆ. ಅವರು ನಕ್ಕರು. “ಖರೇ ಅದವ್ವ. ಆದ್ರ ಲಿಂಗ ಇದ್ದಲ್ಲಿ ಇದು ನಮ್ಮದಲ್ಲ ಅಂತ ನನ್ನ ಬಾಯಿಲೆ ಹ್ಯಾಂಗ ಅನ್ಲಿ? ಜರಾ ತಡಿ, ಅವನೇ ದಾರಿ ತೋರಸ್ತಾನ,” ಎಂದು ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟರು. ಆ ಹಣ್ಣನ್ನು ದಾರಿಯಲ್ಲಿ ಸಿಕ್ಕಿದ ಮೇಕೆಗೆ ಕೊಟ್ಟೆ. ತಿನ್ನುವ ಮನಸ್ಸಿರಲಿಲ್ಲ.

ಆ ವರ್ಷ ನನಗೆ ಪಗಾರವಿಲ್ಲ. ತಂದೆ ವಾಡಿಯಿಂದ ಹೇಳಿಕಳಿಸಿದರು, ಬಂದುಬಿಡು ಎಂದು. ನಾನು ಹೋಗಲಿಲ್ಲ. ಆಯಿಯ ಮನೆಯ ರೊಟ್ಟಿ ತಿಂದುಕೊಂಡು ತರಗತಿ ನಡೆಸಿದೆ. ಆಯಿಯ ಹತ್ತಿರವಾದರೂ ಏನಿತ್ತು? ಇದ್ದ ಒಂದು ಹೊಲವನ್ನೇ ಕೊಟ್ಟಿದ್ದರು. ಒಂದು ಎಮ್ಮೆ, ಅದರ ಹಾಲು ಮಜ್ಜಿಗೆ, ಅಷ್ಟರಲ್ಲೇ ಇಬ್ಬರ ಸಂಸಾರ.

ಮಳೆಗಾಲದಲ್ಲಿ ಹೊಲದ ತುಂಬ ಹುಲ್ಲು ಬೆಳೆದು ನಿಂತಿತು. ಅದನ್ನು ನೋಡಿ ಊರಿನವರಿಗೆ ಅಂಜಿಕೆಯಾಯಿತಂತೆ. ದೇವರ ಹೊಲ ಬೀಳು ಬಿದ್ದರೆ ಊರಿಗೆ ಒಳ್ಳೆಯದಲ್ಲ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಊರಿನ ಎತ್ತೆಲ್ಲ ಆ ಹೊಲದಲ್ಲಿವೆ! ಯಾರೂ ಕೂಲಿ ಕೇಳಿಲ್ಲ, ಎಲ್ಲ ಸೇವೆ. ಗೌಡರ ಭಾವಮೈದುನ ಎಲ್ಲರಿಗಿಂತ ಮುಂದಿನ ನೇಗಿಲಿಗೆ. ಉಳುವ ರೈತ ತನ್ನ ಮನೆಯ ಬೀಜದ ಜೋಳ ತಂದು ಸುರಿದಿದ್ದ. ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದರು. ನನ್ನ ಹುಡುಗಿಯರೂ ಹೋದರು. ನಾನೂ ಸೀರೆ ಎತ್ತಿ ಕಟ್ಟಿ ಹುಲ್ಲು ಕಿತ್ತೆ. ಸ್ವಾಮಿಗಳು ಹೇಳಿದ ದಾರಿ ಇದೇ ಇರಬೇಕು, ಲಾವಣಿ ಬರದಿದ್ದರೇನು, ಇಡೀ ಫಸಲೇ ಸಾಲಿಗೆ ಬರುತ್ತದೆ ಎಂದುಕೊಂಡು ಆ ರಾತ್ರಿ ತಂದೆಗೆ ಹೆಮ್ಮೆಯಿಂದ ಕಾಗದ ಬರೆದೆ. ಎಷ್ಟು ಖುಷಿಯಾಗಿದ್ದೆ ಎಂದು ನೆನೆದರೆ ಈಗ ನನ್ನ ಮೇಲೇ ಕರುಣೆ ಬರುತ್ತದೆ.

ಅಂಥ ಬೆಳೆ ಆ ಹೊಲದಲ್ಲಿ ಯಾರೂ ಕಂಡಿರಲಿಲ್ಲ. ತೆನೆಗಳು ಮುಷ್ಟಿಗೆ ಹಿಡಿಯುತ್ತಿರಲಿಲ್ಲ. ಹಕ್ಕಿ ಕಾಯಲು ಸರದಿಯ ಮೇಲೆ ಮಂದಿ ಬರುತ್ತಿದ್ದರು. ರಾಶಿಯ ದಿನ ಕಣದಲ್ಲಿ ಪೂಜೆಯಾಯಿತು, ಚೀಲ ತುಂಬಿದರು, ಗಾಡಿಗಳಿಗೆ ಹೇರಿದರು. ನಾನು ಪಡಸಾಲೆ ಗುಡಿಸಿ, ಚೀಲ ಇಡಲು ಜಾಗ ಮಾಡಿ, ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಗಾಡಿಗಳು ನಮ್ಮ ಓಣಿಯ ತಿರುವಿಗೆ ಬಂದವು. ತಿರುಗಲಿಲ್ಲ. ನೆಟ್ಟಗೆ ಮಠದ ಹಾದಿ ಹಿಡಿದವು.

ನಾನು ಓಡಿದೆ. ಮೊದಲ ಗಾಡಿಯ ಎತ್ತಿನ ಮುಂದೆ ನಿಂತು ಇದು ಸಾಲಿಯ ಜೋಳ ಎಂದು ಕೂಗಿದೆ. ಗಾಡಿಯ ಮೇಲಿದ್ದ ಗೌಡರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. “ದೇವರ ಹೊಲದ ಜ್ವಾಳ ಪ್ಯಾಟ್ಯಾಗ ಮಾರಿ ಪಗಾರ ಕೊಡ್ಲಿಕ್ಕ ಬರ್ತದೇನ್ರಿ ಅಕ್ಕೋರೆ? ಈ ಸಲ ಶಿವರಾತ್ರಿ ದಾಸೋಹ ಪೂರಾ ಇದರಾಗೇ. ಇಡೀ ಊರಿಗಿ ಊಟ. ನಿಮಗೂ ಅದರಾಗ ಪುಣ್ಯ ಬಂತಲ್ಲ!”

ಪುಣ್ಯ! ನನಗೆ ಬೇಕಾಗಿದ್ದದ್ದು ಸೀಮೆಸುಣ್ಣ, ಪುಸ್ತಕ, ಒಂದು ಕರಿಹಲಗೆ, ತಿಂಗಳ ಖರ್ಚು. ಊರಿನ ಯಾರ ಮುಖದಲ್ಲೂ ಮೋಸವಿರಲಿಲ್ಲ ಎಂಬುದೇ ನನ್ನನ್ನು ಸುಡುತ್ತಿತ್ತು. ಕದ್ದಿದ್ದರೆ ಕಳ್ಳರೆಂದು ಬೈಯಬಹುದಿತ್ತು. ಇವರು ಬೆವರು ಸುರಿಸಿ ದುಡಿದು, ಒಂದು ಕಾಳೂ ಮನೆಗೆ ಒಯ್ಯದೆ, ಕೈ ಮುಗಿದು ನನ್ನ ಶಾಲೆ ಮುಚ್ಚಿಸಿದರು.

ಮುಚ್ಚಿಯೇ ಹೋಯಿತು. ತಾಯಂದಿರೇ ಬಂದು, ಅಕ್ಕೋರನ್ನು ಪಗಾರವಿಲ್ಲದೆ ಎಷ್ಟು ದಿನ ದುಡಿಸುವುದು, ಪಾಪ ಹತ್ತುತ್ತದೆ ಎಂದು ಮಕ್ಕಳನ್ನು ಬಿಡಿಸಿದರು. ನೋಡಿ, ಅಲ್ಲಿಯೂ ಪಾಪದ ಭಯವೇ. ಉಳುವ ರೈತ ಮಗಳಿಗೆ ಗಂಡು ಗೊತ್ತುಮಾಡಿದ. ಮಾಘ ಮಾಸ, ಲಗ್ನದ ದಿನಗಳು. ನಾನು ಅವನ ಮನೆಗೆ ಹೋಗಿ, ಒಂದು ವರ್ಷ ತಡೆಯಿರಿ ಎಂದು ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ರೀತಿ ಕೇಳಿದೆ.

“ಸಾಲಿ ಇದ್ದಿದ್ರ ಓದಿಸ್ತಿದ್ದೆ, ನಿಮ್ಮಾಣೆ. ಸಾಲಿ ಬಂದ್ ಆಯ್ತು. ಬೆಳದ ಹುಡ್ಗಿ ಮನ್ಯಾಗ ಸುಮ್ಮ ಕುಂತ್ರ ಮಂದಿ ಏನಂತಾರ್ರಿ?” ಎಂದ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆ, ಕಾಡಂಚಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟರು. ಮದುವೆಗೆ ನಾನು ಹೋಗಲಿಲ್ಲ. ಆಯಿ ಹೋಗಿ ಅಕ್ಕಿಕಾಳು ಹಾಕಿ ಬಂದು, ಆ ದಿನ ಒಲೆ ಹೊತ್ತಿಸಲಿಲ್ಲ.

ನಾನು ಟ್ರಂಕು ಕಟ್ಟಿದೆ. ಶಿವರಾತ್ರಿ ಮುಗಿಸಿಕೊಂಡು ಹೋಗು ಎಂದು ಆಯಿ ತಡೆದರು. ಅವರ ದನಿಯಲ್ಲಿ ಏನೋ ಇತ್ತು, ಉಳಿದೆ.

ನಮ್ಮ ಕಡೆ ಶಿವರಾತ್ರಿಗೆ ಊರಿಗೆ ಊರೇ ಉಪವಾಸ. ಮರುದಿನ ಮಠದಲ್ಲಿ ದಾಸೋಹ. ಹಿಂದಿನ ದಿನದಿಂದ ನೀರಿನ ಮೇಲಿದ್ದವರು ಬೆಳಗ್ಗೆಯೇ ಬಂದು ಪಂಕ್ತಿ ಹಿಡಿಯುತ್ತಾರೆ. ಆ ಮಠದಲ್ಲಿ ಒಂದು ಪದ್ಧತಿ: ಯಾರ ಕಾಳಿನಲ್ಲಿ ದಾಸೋಹವೋ ಅವರು ಮೊದಲ ತುತ್ತು ಎತ್ತಬೇಕು. ಆಮೇಲೆಯೇ ಹರ ಹರ ಮಹಾದೇವ ಎಂಬ ಘೋಷ, ಆಮೇಲೆಯೇ ಊರಿನ ಊಟ. ಸ್ವಾಮಿಗಳೂ ಅದಕ್ಕೆ ಕಾಯುತ್ತಾರೆ.

ಹೊಲ ಆಯಿಯದಲ್ಲವೇ? ಅವರನ್ನು ಮುಂದೆ ಕರೆದು, ಸ್ವಾಮಿಗಳ ಎದುರಿನ ಮಣೆಯ ಮೇಲೆ ಕೂರಿಸಿ, ಶಾಲು ಹೊದಿಸಿದರು. ದೇವರಿಗೆ ಹೊಲ ಕೊಟ್ಟ ಮಹಾತಾಯಿ ಎಂದು ಗೌಡರು ಹೊಗಳಿದರು. ಜೋಳದ ನುಚ್ಚು, ಬದನೆಕಾಯಿ ಪಲ್ಯ, ಬೇಳೆ ಸಾರು, ಗೋಧಿ ಹುಗ್ಗಿ ಎಲ್ಲರ ಮುಂದೆ ಬಿತ್ತು. ತುಪ್ಪದ ಘಮ ಮಠವೆಲ್ಲ ತುಂಬಿತು. ಎಲ್ಲರೂ ಆಯಿಯ ಕೈ ನೋಡಿದರು.

ಆಯಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಉಣ್ಣು ಆಯಿ,” ಎಂದರು ಗೌಡರು.

“ನನಗ ಹಸಿವಿಲ್ಲ.”

ನಕ್ಕರು ಮಂದಿ, ಮುದುಕಿ ಸಂಕೋಚಪಡುತ್ತಾಳೆ ಎಂದು. ಸ್ವಾಮಿಗಳೂ ಹೇಳಿದರು. ಆಯಿ ಅವರಿಗೆ ಕೈ ಮುಗಿದು ಮತ್ತೆ ಮಡಿಲಲ್ಲಿ ಕೈ ಇಟ್ಟುಕೊಂಡರು. ಹುಗ್ಗಿ ಆರತೊಡಗಿತು. ಮಕ್ಕಳು ಅಳಲು ಶುರುಮಾಡಿದವು, ತಾಯಂದಿರು ಅವುಗಳ ಕೈ ಹಿಡಿದುಕೊಂಡರು. ಅಷ್ಟು ದೊಡ್ಡ ಪಂಕ್ತಿಯಲ್ಲಿ ಒಬ್ಬರೂ ಬಾಯಿಗೆ ಒಂದು ಅಗುಳು ಇಡುವ ಹಾಗಿಲ್ಲ. ಏನು ಬೇಕು ಹೇಳು ಎಂದು ಕೊನೆಗೆ ಗೌಡರೇ ಕೈ ಜೋಡಿಸಿದರು.

ಆಯಿ ಶಾಲು ತೆಗೆದು, ಮಡಚಿ, ಎಲೆಯ ಪಕ್ಕದಲ್ಲಿಟ್ಟರು. “ನಾ ಹೊಲ ಸಾಲಿಗಿ ಕೊಟ್ಟೀನಿ. ದೇವರಿಗಿ ಕೊಟ್ಟಿಲ್ಲ. ದೇವರಿಗಿ ಕೊಡೋದಿದ್ರ ಮಠದ ಹಾದಿ ನನಗ ಗೊತ್ತಿದ್ದಿಲ್ಲೇನು? ಅವನಿಗಿ ಊರ್ ತುಂಬ ಹೊಲ ಅವ. ಹುಡ್ಗ್ಯಾರಿಗಿ ಒಂದೇ ಇತ್ತು. ಅದನ್ನೂ ಬೇಯಿಸಿ ಎಲಿಗಿ ಹಾಕೀರಿ. ನಾ ಹ್ಯಾಂಗ ಉಣ್ಲಿ?”

ಎದುರು ಸಾಲಿನಲ್ಲಿ ಉಳುವ ರೈತ ಮೈಯೆಲ್ಲ ಮುದುಡಿಕೊಂಡು ಕೂತಿದ್ದ.

ಸ್ವಾಮಿಗಳು ತಮ್ಮ ಮುಂದಿನ ಹುಗ್ಗಿಯನ್ನು ಬಹಳ ಹೊತ್ತು ನೋಡಿದರು. ಅವರೂ ಹಿಂದಿನ ದಿನದಿಂದ ಉಪವಾಸ. ಆಮೇಲೆ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನೈವೇದ್ಯ ಆಗ್ಯದ. ಆ ಹೊಲದ್ದು ದೇವರು ಉಂಡಾಯ್ತು. ಇನ್ನ ಮುಂದ ಅದರಾಗ ಬೆಳಿಯೋದೆಲ್ಲ ಪ್ರಸಾದ. ಪ್ರಸಾದ ಮನಿಗಿ ಒಯ್ದು ಉಣ್ಣೋದು ತಪ್ಪಲ್ಲ, ಒಲ್ಲೆ ಅನ್ನೋದು ತಪ್ಪು. ಈ ಯುಗಾದಿಗಿ ಲಾವಣಿ ಆಗ್ಬೇಕು, ಲಾವಣಿ ಸಾಲಿಗಿ ಹೋಗ್ಬೇಕು. ಒಲ್ಲೆ ಅಂದವರ ಮನಿಗಿ ನಾ ಪಾದಪೂಜಿಗಿ ಬರಂಗಿಲ್ಲ.”

ಆಯಿ ಒಂದು ತುತ್ತು ಎತ್ತಿದರು. ಮಠ ಹಾರಿಹೋಗುವ ಹಾಗೆ ಘೋಷ ಕೇಳಿತು. ಎಲ್ಲರೂ ಸಂತೋಷದಿಂದ ಉಂಡರು. ನಾನು ಮಾತ್ರ ನನ್ನ ಎಲೆಯನ್ನು ಪಕ್ಕದ ಮಗುವಿನ ಕಡೆ ಸರಿಸಿದೆ. ಇದೇ ಮಾತನ್ನು ಹೋದ ಯುಗಾದಿಯಲ್ಲಿ ನಾನು ಇದೇ ಸ್ವಾಮಿಗಳ ಹತ್ತಿರ ಕೈ ಮುಗಿದು ಬೇಡಿದ್ದೆ. ಆಗ ಬಾಳೆಹಣ್ಣು ಸಿಕ್ಕಿತ್ತು. ಅವರಿಗೆ ಒಂದು ಹೊತ್ತು ಹಸಿವಾಗಿದ್ದರೆ ಆಗಲೇ ಹೊಳೆಯುತ್ತಿತ್ತೋ ಏನೋ. ಒಂದು ವರ್ಷ ಕಳೆದಿತ್ತು, ಮತ್ತು ಆ ವರ್ಷದಲ್ಲಿ ಒಂದು ಮದುವೆ ಆಗಿಹೋಗಿತ್ತು.

ಯುಗಾದಿಯ ಹರಾಜಿನಲ್ಲಿ ಚಾವಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಪ್ರಸಾದದ ಹೊಲ ತನಗೇ ಬೇಕೆಂದು ಒಬ್ಬರ ಮೇಲೊಬ್ಬರು ಕೂಗಿದರು. ಗೌಡರ ಭಾವಮೈದುನನಂತೂ ಬೆವೆತುಹೋದ. ಕೊನೆಗೆ ಹಳೆಯ ಉಳುವ ರೈತನೇ ಎಲ್ಲರಿಗಿಂತ ಹೆಚ್ಚು ಕೂಗಿ ಹೊಲ ಹಿಡಿದ. ಹಿಡಿದವನು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಮಳೆಗಾಲದ ಆರಂಭಕ್ಕೆ ಪಡಸಾಲೆಯಲ್ಲಿ ತರಗತಿ ಮತ್ತೆ ಶುರುವಾಯಿತು. ಮೊದಲ ವರ್ಷದ ಹುಡುಗಿಯರಲ್ಲಿ ಕೆಲವರು ಬಂದರು, ಹೊಸಬರು ಕೆಲವರು. ಲೆಕ್ಕ ಬರೆದು ತಿರುಗಿದರೆ ಎಲ್ಲರೂ ಶಾಂತವಾಗಿ ಯೋಚಿಸುತ್ತ ಕೂತಿರುತ್ತಿದ್ದರು. ಆ ಶಾಂತಿ ನನಗೆ ತಡೆಯಲಾಗುತ್ತಿರಲಿಲ್ಲ.

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹಬ್ಬ ಮುಗಿದ ಮರುದಿನ ರೈತ ಒಂದು ಬುಟ್ಟಿ ಹಸಿ ಹೆಸರುಕಾಯಿ ಹೊತ್ತು ನಮ್ಮ ಪಡಸಾಲೆಗೆ ಬಂದ. ಹಿಂದೆ ಅವಳು, ಕೈ ತುಂಬ ಹಸಿರು ಬಳೆ, ಸೆರಗಿನಲ್ಲಿ ಹಬ್ಬದ ಸಿಹಿ ಉಂಡಿ. “ದೇವರ ಹೊಲ ಅಂತ ಅಂಜಿದ್ದೆ ಅಕ್ಕೋರೆ. ನೋಡ್ರಿ, ಎಂಥ ಕಾಯಿ ಬಿಟ್ಟದ!” ಎಂದು ಬುಟ್ಟಿ ಇಳಿಸಿದ. ಅವನ ಮುಖದಲ್ಲಿ ಇದ್ದದ್ದು ಬರೀ ಖುಷಿ. ಬೈಯಲು ಎಷ್ಟೋ ದಿನದಿಂದ ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಹಾಗೇ ಬಿಟ್ಟು ಬುಟ್ಟಿಯನ್ನು ಒಳಗೆ ಎತ್ತಿಟ್ಟೆ.

ಹುಡುಗಿ ಹೊಸ್ತಿಲ ಆಚೆಯೇ ನಿಂತು ಬೋರ್ಡಿನ ಮೇಲಿನ ಲೆಕ್ಕ ನೋಡುತ್ತಿದ್ದಳು. ಮಡಿಲ ಹತ್ತಿರ ಅವಳ ಬೆರಳುಗಳು ಆಡಿದವು. ಉತ್ತರ ಸರಿಯಿತ್ತು. ಒಳಗೆ ಬಾ ಎಂದೆ. ಬೀಗರ ಗಾಡಿ ಬಂದಿದೆ, ಹೊತ್ತಾಯಿತು ಎಂದು ಅವಳಪ್ಪ ಹೇಳಿದ.

ಆಯಿ ಒಳಗಿನಿಂದ ಬಂದು ಅವಳ ಗಲ್ಲ ಸವರಿದರು. ಆಯಿಗೆ ಆಗಲೇ ಕಣ್ಣು ಮಂದವಾಗಿತ್ತು. ಯಾವ ಹುಡುಗಿ ಸಿಕ್ಕರೂ ಕೇಳುವ ಮಾತನ್ನೇ ಅವಳನ್ನೂ ಕೇಳಿದರು. “ಹೋಗೋ ಮುಂದ ಸ್ಟೇಷನ್ ಬೋರ್ಡ್ ನೋಡ್ಕೋತ ಹೋಗವ್ವ. ಓದಾಕ ಬರ್ತದಲ್ಲ ನಿನಗ?”

“ಬರ್ತದ ಆಯಿ,” ಎಂದಳು ಹುಡುಗಿ. ಸೆರಗಿನ ಉಂಡಿಯನ್ನು ಆಯಿಯ ಕೈಯಲ್ಲಿಟ್ಟಳು. “ಆದ್ರ ನಮ್ಮೂರಿಗಿ ರೈಲೇ ಇಲ್ಲ.”